ಐದು ವಾಕ್ಯ, ಐದರಲ್ಲೂ ‘ವಾಟ್’, ಮಗನಿಗೆ ಸಿಕ್ಕಿದ್ದು ಒಂದೇ ಅಂಕ

ತುಂಗಾತೀರ, ತೀರ್ಥಹಳ್ಳಿ

ಒಂಬತ್ತನೇ ತರಗತಿಯ ಮಗನ ಇಂಗ್ಲಿಷ್ ಕಿರುಪರೀಕ್ಷೆಯ ಹಾಳೆ ನಿನ್ನೆ ಮನೆಗೆ ಬಂತು. ಐದು ವಾಕ್ಯಗಳು. ಐದರಲ್ಲೂ ‘ವಾಟ್’ ಎಂಬ ಪದದ ಕೆಳಗೆ ಗೆರೆ. ಅದು ಯಾವ ಪದವರ್ಗಕ್ಕೆ ಸೇರಿದ್ದು ಎಂದು ಬರೆಯಬೇಕಿತ್ತು.

‘ವಾಟ್ ಹ್ಯಾಪನ್ಡ್ ಅಟ್ ದ ಬಸ್ ಸ್ಟ್ಯಾಂಡ್?’
‘ವಾಟ್ ಟೈಮ್ ಡಸ್ ದ ಲಾಸ್ಟ್ ಬಸ್ ಲೀವ್?’
‘ವಾಟ್ ಎ ವಾಟರ್‌ಫಾಲ್!’
‘ಐ ಡು ನಾಟ್ ಬಿಲೀವ್ ವಾಟ್ ಹಿ ಸೇಸ್.’
‘ವಾಟ್! ಯು ಸೋಲ್ಡ್ ದ ಕೌ?’

ಇವನು ಐದಕ್ಕೂ ‘ಪ್ರಶ್ನಾರ್ಥಕ ಸರ್ವನಾಮ’ ಎಂದು ಇಂಗ್ಲಿಷಿನಲ್ಲಿ ಬರೆದು ಬಂದಿದ್ದಾನೆ. ಮೊದಲನೆಯದಕ್ಕೆ ಮಾತ್ರ ಅಂಕ. ಯಾಕೋ ಹೀಗೆ ಎಂದು ಕೇಳಿದರೆ, ‘ಹಸು ಕೊಟ್ಟಿಗೆಯಲ್ಲಿದ್ದರೂ ಹಸು, ಗದ್ದೆಗೆ ನುಗ್ಗಿದರೂ ಹಸು. ಪದವೂ ಹಾಗೆಯೇ ಅಲ್ಲವೇ?’ ಎನ್ನುತ್ತಾನೆ. ನನಗೆ ಉತ್ತರ ಹೊಳೆಯಲಿಲ್ಲ. ಇನ್ನೊಂದು ತಕರಾರು: ಎರಡನೆಯದಕ್ಕೆ ಶಾಲೆಯ ಉತ್ತರ ‘ಅಡ್ಜೆಕ್ಟಿವ್’, ಟ್ಯೂಷನ್ನಿನ ಪುಸ್ತಕದಲ್ಲಿ ‘ಡಿಟರ್ಮಿನರ್’. ಯಾರನ್ನು ನಂಬುವುದು? ತಿಳಿದವರು ಹೇಳಿ.

ಸಾಗರದ ನಿವೃತ್ತ ಮೇಷ್ಟರು

ತಂಗೀ, ಹುಡುಗನ ಉಪಮೆ ಚೆನ್ನಾಗಿದೆ, ಆದರೆ ಹಸುವನ್ನು ತಂದದ್ದೇ ತಪ್ಪಾಯಿತು. ಕಂಬಳಿಯನ್ನು ತರಬೇಕಿತ್ತು. ಮಳೆಯಲ್ಲಿ ಮಡಚಿ ತಲೆಗೆ ಹಾಕಿಕೊಂಡರೆ ಅದು ಕೊಪ್ಪೆ, ರಾತ್ರಿ ಮೈಮೇಲೆ ಎಳೆದುಕೊಂಡರೆ ಹೊದಿಕೆ, ನೆಂಟರು ಬಂದಾಗ ಜಗುಲಿಯಲ್ಲಿ ಬಿಡಿಸಿದರೆ ಹಾಸು. ಕಂಬಳಿ ಒಂದೇ, ಹೆಸರು ಮಾತ್ರ ಆ ಹೊತ್ತಿನ ಕೆಲಸದ್ದು. ಪದವರ್ಗ ಎಂಬುದೂ ಕೆಲಸದ ಹೆಸರೇ ಹೊರತು ಜಾತಿಯ ಹೆಸರಲ್ಲ.

ಮೊದಲ ವಾಕ್ಯದಲ್ಲಿ ‘ವಾಟ್’ ಇರುವ ಜಾಗಕ್ಕೆ ‘ಆ್ಯನ್ ಆ್ಯಕ್ಸಿಡೆಂಟ್’ ಎಂದು ಹಾಕಿ ನೋಡಿ, ಸರಿಯಾಗಿ ಕೂರುತ್ತದೆ. ನಾಮಪದದ ಜಾಗದಲ್ಲಿ ಕುಳಿತದ್ದರಿಂದ ಅದು ಸರ್ವನಾಮ. ಎರಡನೆಯದರಲ್ಲಿ ಅದಕ್ಕೆ ಸ್ವಂತ ಜಾಗವಿಲ್ಲ, ‘ಟೈಮ್’ ಎಂಬುದಕ್ಕೆ ಆತುಕೊಂಡಿದೆ. ‘ಟೈಮ್’ ತೆಗೆದುಬಿಟ್ಟರೆ ‘ವಾಟ್ ಡಸ್ ದ ಲಾಸ್ಟ್ ಬಸ್ ಲೀವ್’ ಎಂದಾಗುತ್ತದೆ. ಅಂದರೆ ಕೊನೆಯ ಬಸ್ಸು ಏನನ್ನು ಬಿಟ್ಟುಹೋಗುತ್ತದೆ ಎಂಬ ಪ್ರಶ್ನೆ. ನಮ್ಮನ್ನೇ ಬಿಟ್ಟುಹೋಗುತ್ತದೆ, ಇನ್ನೇನು!

ಅಡ್ಜೆಕ್ಟಿವ್, ಡಿಟರ್ಮಿನರ್ ಜಗಳದಲ್ಲಿ ಇಬ್ಬರೂ ಗೆದ್ದವರೇ. ನಾವು ಓದುವಾಗ ಪದಗಳಿಗೆ ಇದ್ದದ್ದು ಎಂಟೇ ಖಾನೆ. ಅದು ಲ್ಯಾಟಿನ್ ವ್ಯಾಕರಣದ ಅಚ್ಚು. ನಾಮಪದಕ್ಕೆ ಮೊದಲು ಬಂದು ಅದನ್ನು ವಿಶೇಷಿಸಿದ್ದೆಲ್ಲವೂ ಅಡ್ಜೆಕ್ಟಿವ್ ಖಾನೆಗೆ ಹೋಗುತ್ತಿತ್ತು. ಇಪ್ಪತ್ತನೇ ಶತಮಾನದ ಭಾಷಾವಿಜ್ಞಾನಿಗಳು ಅದರಿಂದ ಒಂದು ಗುಂಪನ್ನು ಹೊರತೆಗೆದು ಡಿಟರ್ಮಿನರ್ ಎಂದು ಹೆಸರಿಟ್ಟರು. ಕಾರಣವಿದೆ. ‘ದ ರೆಡ್ ಬಸ್’ ಎನ್ನಬಹುದು, ‘ದ ವಾಟ್ ಬಸ್’ ಎನ್ನಲಾಗದು. ‘ರೆಡ್’ ಎಂಬುದನ್ನು ‘ರೆಡರ್’ ಮಾಡಬಹುದು, ‘ವಾಟ್’ ಅನ್ನು ಹಾಗೆ ಹಿಗ್ಗಿಸಲು ಬರುವುದಿಲ್ಲ. ‘ದ’, ‘ದಿಸ್’, ‘ಮೈ’ ಕೂರುವ ಕುರ್ಚಿಯಲ್ಲೇ ಅದು ಕೂರುತ್ತದೆ. ನನ್ನ ಮತ ಡಿಟರ್ಮಿನರ್‌ಗೆ. ಆದರೆ ಅಂಕ ಕೊಡುವವರು ಶಾಲೆಯವರು, ಅಲ್ಲಿ ಅವರು ಹೇಳಿದಂತೆಯೇ ಬರೆಯಲಿ.

ಮಿಕ್ಕ ಮೂರನ್ನು ಮಧ್ಯಾಹ್ನ ಬರೆಯುತ್ತೇನೆ. ಇಲ್ಲಿ ಕರೆಂಟು ಹೋಗುವ ಸೂಚನೆ ಇದೆ.

ಕೊನೆಕೊಯ್ಲು, ಹೊಸನಗರ

ಮೇಷ್ಟರೇ, ಹಾಗಾದರೆ ‘ಇವತ್ತು ಏನು ತಿಂಡಿ?’ ಎನ್ನುವಾಗ ನಮ್ಮ ‘ಏನು’ ಸರ್ವನಾಮವೋ ವಿಶೇಷಣವೋ? ತಿಂಡಿಗೆ ಆತುಕೊಂಡಂತೆಯೂ ಕಾಣುತ್ತದೆ, ಸ್ವಂತ ಕಾಲಿನ ಮೇಲೆ ನಿಂತಂತೆಯೂ ಕಾಣುತ್ತದೆ. ನಾನಂತೂ ನಲವತ್ತು ವರ್ಷಗಳಿಂದ ಬೆಳಿಗ್ಗೆ ಎದ್ದು ಇದೇ ವಾಕ್ಯ ಹೇಳುತ್ತಿದ್ದೇನೆ. ಉತ್ತರವೂ ನಲವತ್ತು ವರ್ಷಗಳಿಂದ ದೋಸೆಯೇ.

ಶಂಕರಘಟ್ಟ ಹಾಸ್ಟೆಲ್

ಎಂ.ಎ. ಭಾಷಾವಿಜ್ಞಾನದ ವಿದ್ಯಾರ್ಥಿನಿ ನಾನು. ಕೊನೆಕೊಯ್ಲು ಅವರ ಪ್ರಶ್ನೆ ತಮಾಷೆಯಲ್ಲ. ‘ಯಾವ’ ಪದದಲ್ಲಿ ಈ ಗೊಂದಲವಿಲ್ಲ. ನಾಮಪದ ಜೊತೆಗಿದ್ದರೆ ‘ಯಾವ ಬಸ್ಸು’, ಒಂಟಿಯಾಗಿದ್ದರೆ ‘ಯಾವುದು’. ಕೆಲಸ ಬದಲಾದ ಕೂಡಲೇ ವೇಷವೂ ಬದಲಾಗುತ್ತದೆ. ಇಂಗ್ಲಿಷಿನ ‘ವಾಟ್’ ವೇಷ ಬದಲಿಸದೆ ಐದು ಪಾತ್ರ ಕಟ್ಟುತ್ತದೆ, ಹುಡುಗ ಎಡವಿದ್ದು ಅದಕ್ಕೇ.

‘ಏನು ತಿಂಡಿ’ ಎಂಬುದನ್ನು ‘ತಿಂಡಿ ಏನು’ ಎಂದು ತಿರುಗಿಸಬಹುದು, ಅರ್ಥ ಕೆಡುವುದಿಲ್ಲ. ‘ಯಾವ ತಿಂಡಿ’ಯನ್ನು ‘ತಿಂಡಿ ಯಾವ’ ಎಂದು ತಿರುಗಿಸಲು ಬರುವುದಿಲ್ಲ. ಆದ್ದರಿಂದ ನಿಮ್ಮ ಬೆಳಗಿನ ‘ಏನು’ ಸರ್ವನಾಮ ಎಂದೇ ನಾನು ಹೇಳುತ್ತೇನೆ. ದೋಸೆಯ ಬಗ್ಗೆ ಏನೂ ಮಾಡಲಾಗದು.

ದಾವಣಗೆರೆಯ ಸೊಸೆ, ಈಗ ಸಾಗರದವಳೇ

ವ್ಯಾಕರಣ ನನಗೆ ತಿಳಿಯದು. ಆದರೆ ಒಂದು ಪದದ ಪಾತ್ರ ತಪ್ಪಾಗಿ ತಿಳಿದರೆ ಏನಾಗುತ್ತದೆ ಎಂಬುದನ್ನು ಅನುಭವಿಸಿದ್ದೇನೆ.

ಮದುವೆಯಾಗಿ ಬಂದ ಮೊದಲ ಮಳೆಗಾಲ. ಅತ್ತೆ ತೋಟದ ಕಡೆ ಹೋಗಿದ್ದರು. ಕೆಸುವಿನ ಸೊಪ್ಪಿನ ಕರಕಲಿಯನ್ನು ಅವರಿಂದ ಕೇಳಿ ತಿಳಿದುಕೊಂಡು ಮೊದಲ ಬಾರಿ ಒಬ್ಬಳೇ ಮಾಡಿದ್ದೆ. ಹುಳಿ ಸಾಕಾಗಿದೆಯೋ ಇಲ್ಲವೋ, ಗಂಟಲು ತುರಿಸಿದರೆ ಏನು ಗತಿ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಅತ್ತೆ ಜಗುಲಿಗೆ ಕಾಲಿಟ್ಟವರೇ ಒಳಗಿನ ವಾಸನೆ ಹಿಡಿದು, ‘ಎಂಥ ಅಡುಗೆ ಮಾಡಿದ್ದೀಯೆ!’ ಎಂದರು. ಬೈದರು ಎಂದುಕೊಂಡೆ ನಾನು. ನಮ್ಮ ಊರಿನಲ್ಲಿ ‘ಎಂಥ ಕೆಲಸ ಮಾಡಿದೆ’ ಎಂದರೆ ಬೈಗುಳ. ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ಹೊಗೆಯಿಂದ ಕಣ್ಣೀರು ಎಂದು ಅವರು ಊದುಗೊಳವೆ ತೆಗೆದುಕೊಂಡು ಬಂದರು.

ಆಮೇಲೆ ತಿಳಿಯಿತು, ಅವರು ಕೇಳಿದ್ದು ‘ಏನು ಅಡುಗೆ?’ ಎಂದು ಅಷ್ಟೇ. ಈ ಕಡೆಯವರು ‘ಏನು’ ಎನ್ನುವಲ್ಲೆಲ್ಲ ‘ಎಂಥ’ ಎನ್ನುತ್ತಾರೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ತುಂಗಾತೀರ, ತೀರ್ಥಹಳ್ಳಿ

ಅಯ್ಯೋ, ಇದನ್ನು ಮಗನಿಗೆ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕ. ಕರಕಲಿ ತುರಿಸಿತೇ ಎಂದು ಕೇಳುತ್ತಿದ್ದಾನೆ.

ದಾವಣಗೆರೆಯ ಸೊಸೆ, ಈಗ ಸಾಗರದವಳೇ

ಸ್ವಲ್ಪ ತುರಿಸಿತು.

ಶಂಕರಘಟ್ಟ ಹಾಸ್ಟೆಲ್

ಅಕ್ಕ, ನಿಮ್ಮ ಒಲೆಯ ಮುಂದೆ ನಡೆದದ್ದು ಹುಡುಗನ ಮೂರನೇ ವಾಕ್ಯವೇ. ಅತ್ತೆ ಪ್ರಶ್ನೆ ಕೇಳಿದರು, ನೀವು ಉದ್ಗಾರ ಕೇಳಿಸಿಕೊಂಡಿರಿ.

‘ಎಂಥ’ದ ಹುಟ್ಟು ಬಹಳ ಚೆನ್ನಾಗಿದೆ. ಹಳಗನ್ನಡದಲ್ಲಿ ‘ಎಂತು’ ಎಂದರೆ ಹೇಗೆ. ಅದಕ್ಕೆ ‘ಅಪ್ಪ’, ಅಂದರೆ ‘ಆಗುವ’, ಸೇರಿ ‘ಎಂತಪ್ಪ’. ಅದು ಸವೆದು ‘ಎಂತಹ’, ಇನ್ನೂ ಸವೆದು ‘ಎಂಥ’. ಪುಸ್ತಕದ ಕನ್ನಡದಲ್ಲಿ ಅದು ನಾಮಪದದ ಮುಂದೆ ಮಾತ್ರ ನಿಲ್ಲುವ ವಿಶೇಷಣ: ಎಂಥ ಮನುಷ್ಯ, ಎಂಥ ಮಳೆ. ಮಲೆನಾಡಿನಲ್ಲಿ ಅದು ನಾಮಪದದ ಕೈ ಬಿಟ್ಟು ಸ್ವತಂತ್ರವಾಗಿ ನಡೆದಿದೆ. ‘ಎಂಥ ಮಾಡುತ್ತೀರಿ?’ ಎಂದಾಗ ಸರ್ವನಾಮ. ‘ಎಂಥಕ್ಕೆ ಬಂದಿರಿ?’ ಎಂದಾಗ ಅದಕ್ಕೆ ವಿಭಕ್ತಿ ಪ್ರತ್ಯಯವೂ ಹತ್ತಿದೆ. ‘ಎಂಥದೂ ಇಲ್ಲ’ ಎಂದರೆ ಏನೂ ಇಲ್ಲ. ಫೋನಿನಲ್ಲಿ ಸರಿಯಾಗಿ ಕೇಳಿಸದಿದ್ದರೆ ಬರೀ ‘ಎಂಥ?’ ಎಂದರೆ ಸಾಕು. ಇಂಗ್ಲಿಷಿನ ‘ವಾಟ್’ ಮಾಡುವ ಕೆಲಸಗಳಲ್ಲಿ ಬಹುಪಾಲನ್ನು ನಮ್ಮ ಮನೆಯ ಜಗುಲಿಯಲ್ಲೇ ‘ಎಂಥ’ ಮಾಡುತ್ತಿದೆ.

ಘಟ್ಟದ ಕೆಳಗಿನವನು

ಆಗುಂಬೆ ಇಳಿದರೆ ತುಳುವಿನಲ್ಲಿಯೂ ಇದೇ ಕತೆ. ‘ಎಂಚ’ ಎಂದರೆ ಹೇಗೆ, ‘ಎಂಚಿನ’ ಎಂದರೆ ಎಂಥ. ಆದರೆ ದಿನವಿಡೀ ‘ಏನು’ ಎಂಬ ಅರ್ಥದಲ್ಲೇ ‘ಎಂಚಿನ’ ಎನ್ನುತ್ತೇವೆ. ‘ಎಂಚಿನ ಮಾರಾಯ’ ಎಂದರೆ ಪ್ರಶ್ನೆಯೋ, ಅಚ್ಚರಿಯೋ, ಬೇಸರವೋ ಮುಖ ನೋಡಿಯೇ ಹೇಳಬೇಕು.

ಸಾಗರದ ನಿವೃತ್ತ ಮೇಷ್ಟರು

ಕರೆಂಟು ಬಂತು. ಮೂರನೇ ವಾಕ್ಯ.

‘ವಾಟ್ ಎ ವಾಟರ್‌ಫಾಲ್!’ ಇದರಲ್ಲಿ ಪ್ರಶ್ನೆಯೇ ಇಲ್ಲ. ಜೋಗವನ್ನು ಕಂಡ ವಿಶ್ವೇಶ್ವರಯ್ಯನವರು ‘ವಾಟ್ ಎ ವೇಸ್ಟ್!’ ಎಂದು ಉದ್ಗರಿಸಿದರು ಎಂಬ ಕತೆಯನ್ನು ನಮ್ಮ ತಾಲ್ಲೂಕಿನಲ್ಲಿ ಕೇಳದವರಿಲ್ಲ. 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ಕಂಡು ಉಳಿದವರು ರಾಜ, ರಾಣಿ, ರೋರರ್, ರಾಕೆಟ್ ಎಂದು ಹೆಸರು ಹೇಳುತ್ತಾ ನಿಲ್ಲುತ್ತಾರೆ, ಎಂಜಿನಿಯರಿಗೆ ಅದರಲ್ಲಿ ಪೋಲಾಗುತ್ತಿದ್ದ ವಿದ್ಯುತ್ತು ಕಂಡಿತು. 1948ರಲ್ಲಿ ಅಲ್ಲಿ ವಿದ್ಯುದಾಗಾರ ಶುರುವಾಯಿತು. (ಆ ವಿದ್ಯುತ್ತು ಹುಟ್ಟುವ ತಾಲ್ಲೂಕಿನಲ್ಲೇ ಕುಳಿತು ನಾನು ಬೆಳಿಗ್ಗೆಯಿಂದ ಕರೆಂಟಿಗೆ ಕಾದಿದ್ದು ಬೇರೆ ಮಾತು.) ಅವರ ಆ ಮಾತಿಗೆ ಯಾರಾದರೂ ಉತ್ತರ ಕೊಡಲು ಹೋಗಿದ್ದರೆ ಪೆದ್ದನಾಗುತ್ತಿದ್ದ. ಅದು ಉತ್ತರ ಬೇಡದ ‘ವಾಟ್’.

ಗುರುತಿಸುವುದು ಹೇಗೆ? ಕ್ರಿಯಾಪದ ಎಲ್ಲಿದೆ ನೋಡಿ. ‘ವಾಟ್ ಎ ನಾಯ್ಸ್ ದ ವಾಟರ್ ಮೇಕ್ಸ್!’ ಎನ್ನುವಾಗ ಕರ್ತೃ ಮೊದಲು, ಕ್ರಿಯೆ ಆಮೇಲೆ. ‘ವಾಟ್ ನಾಯ್ಸ್ ಡಸ್ ದ ವಾಟರ್ ಮೇಕ್?’ ಎನ್ನುವಾಗ ‘ಡಸ್’ ಮುಂದೆ ನುಗ್ಗಿದೆ, ಆದ್ದರಿಂದ ಪ್ರಶ್ನೆ. ಇಲ್ಲಿ ‘ವಾಟ್’ ಯಾವ ವರ್ಗ? ‘ಎ’ ಎಂಬ ಡಿಟರ್ಮಿನರ್‌ಗಿಂತಲೂ ಮುಂದೆ ನಿಂತಿರುವುದರಿಂದ ಹೊಸ ವ್ಯಾಕರಣಗಳು ಅದನ್ನು ಪ್ರಿಡಿಟರ್ಮಿನರ್ ಎನ್ನುತ್ತವೆ. ಹಳೆಯವು ಉದ್ಗಾರದ ಅಡ್ಜೆಕ್ಟಿವ್ ಎನ್ನುತ್ತವೆ. ಶಾಲೆಯಲ್ಲಿ ಎರಡನೆಯದನ್ನು ಬರೆದರೆ ಸಾಕು.

ಒಂದು ಎಚ್ಚರಿಕೆ. ಎಣಿಸಬಹುದಾದ ಒಂದು ವಸ್ತುವಿದ್ದರೆ ಮಾತ್ರ ಆ ‘ಎ’. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯಲ್ಲಿ ನಿಂತರೂ ‘ವಾಟ್ ವೆದರ್!’ ಎನ್ನಬೇಕೇ ಹೊರತು ‘ವಾಟ್ ಎ ವೆದರ್’ ಎನ್ನುವಂತಿಲ್ಲ. ಮೂವತ್ತು ವರ್ಷ ಪಾಠ ಮಾಡಿದರೂ ನನ್ನ ವಿದ್ಯಾರ್ಥಿಗಳ ಬಾಯಿಂದ ಆ ‘ಎ’ ತೆಗೆಯಲಾಗಲಿಲ್ಲ.

ಕೊನೆಕೊಯ್ಲು, ಹೊಸನಗರ

ಮೇಷ್ಟರೇ, ಇನ್ನೊಂದು ‘ವಾಟ್’ ನನ್ನ ತಲೆ ತಿನ್ನುತ್ತಿದೆ. ಬೆಂಗಳೂರಿನಲ್ಲಿರುವ ಮೊಮ್ಮಗಳು ಅವಳ ಶಾಲೆಯ ಪ್ರಬಂಧದಲ್ಲಿ ನಮ್ಮ ತೋಟದ ಬಗ್ಗೆ ಬರೆದಿದ್ದಳು: ‘ವಾಟ್ ವಿತ್ ದ ರೇನ್ ಆ್ಯಂಡ್ ದ ಪವರ್ ಕಟ್ಸ್, ಗ್ರ್ಯಾಂಡ್‌ಫಾದರ್ ಕುಡ್ ನಾಟ್ ಡ್ರೈ ದ ಅರೆಕಾನಟ್.’ ಇಲ್ಲಿ ‘ವಾಟ್’ ಏನನ್ನೂ ಕೇಳುತ್ತಿಲ್ಲ, ಉದ್ಗರಿಸುತ್ತಲೂ ಇಲ್ಲ. ಸುಮ್ಮನೆ ಬಾಗಿಲಲ್ಲಿ ನಿಂತಿದೆ.

ಸಾಗರದ ನಿವೃತ್ತ ಮೇಷ್ಟರು

ಮೊಮ್ಮಗಳಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಕಾರಣಗಳನ್ನು ಸಾಲಾಗಿ ಪೇರಿಸುವ ‘ವಾಟ್’ ಅದು. ನಿಘಂಟುಗಳು ಅದನ್ನು ಕ್ರಿಯಾವಿಶೇಷಣದಲ್ಲಿ ಸೇರಿಸುತ್ತವೆ. ‘ವಾಟ್ ಡಸ್ ಇಟ್ ಮ್ಯಾಟರ್?’ ಎನ್ನುವಾಗಿನ ‘ವಾಟ್’ ಕೂಡ ಅದೇ ಸಾಲಿನದು. ಎಷ್ಟರ ಮಟ್ಟಿಗೆ ಮುಖ್ಯ ಎಂದು ಅರ್ಥ.

ಕನ್ನಡದಲ್ಲಿಯೂ ಹತ್ತಿರದ ಒಂದು ರೀತಿ ಇದೆ, ನೀವು ದಿನವೂ ಬಳಸುತ್ತೀರಿ. ‘ಮಳೆಯೇನು, ಗಾಳಿಯೇನು, ಕರೆಂಟು ಹೋದದ್ದೇನು, ಅಡಿಕೆ ಒಣಗಿದರೆ ಕೇಳಿ!’ ನೆಂಟರ ಮದುವೆಯಿಂದ ಬಂದವರು ‘ಹೋಳಿಗೆಯೇನು, ಚಿರೋಟಿಯೇನು’ ಎನ್ನುವುದಿಲ್ಲವೇ? ಆ ‘ಏನು’ಗಳಿಗೆ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ.

ಭದ್ರಾವತಿ ಎರಡನೇ ಪಾಳಿ

ನನಗೊಂದು ಹಳೆಯ ಪೆಟ್ಟು ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಲಧಿಕಾರಿಯನ್ನು ‘ಯು ಆರ್ ಕಮಿಂಗ್, ವಾಟ್?’ ಎಂದು ಕೇಳಿದ್ದೆ. ‘ಬರುತ್ತೀರೇನು?’ ಎಂದು ಕೇಳುವ ಗೌರವದ ಮಾತೆಂದೇ ನನ್ನ ನಂಬಿಕೆ. ಅವರು ಇಡೀ ವಾರ ನನ್ನ ಮುಖ ನೋಡಲಿಲ್ಲ. ಕ್ರಿಯಾಪದದ ಬಾಲಕ್ಕೆ ಅಂಟುವ ಈ ‘ಏನು’ ಯಾವ ಖಾನೆ?

ಶಂಕರಘಟ್ಟ ಹಾಸ್ಟೆಲ್

ಅದು ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ಬೇಡುವ ಪ್ರಶ್ನೆಯ ಗುರುತು. ‘ಬಂದನೇ?’ ಎನ್ನುವ ‘ಏ’ ಮಾಡುವ ಕೆಲಸವನ್ನೇ ‘ಬಂದನೇನು?’ ಎನ್ನುವಲ್ಲಿ ‘ಏನು’ ಮಾಡುತ್ತದೆ. ಸಮಾಧಾನಕ್ಕೆ ಒಂದು ಮಾತು: ಹಳೆಯ ಕಾಲದ ಇಂಗ್ಲೆಂಡಿನ ದೊಡ್ಡ ಮನೆತನದವರೂ ‘ಜಾಲಿ ಗುಡ್, ವಾಟ್?’ ಎಂದು ವಾಕ್ಯದ ಬಾಲಕ್ಕೆ ಅದನ್ನು ಅಂಟಿಸುತ್ತಿದ್ದರು. ನಿಮ್ಮ ಅಧಿಕಾರಿಗೆ ಆ ಮನೆತನದ ಪರಿಚಯವಿರಲಿಲ್ಲ, ಅಷ್ಟೇ.

ಅಡಿಕೆಮಂಡಿ

ಇಲ್ಲಿ ಅಡಿಕೆ ಎಂದು ಕಂಡು ಬಂದೆ. ಇವತ್ತು ರಾಶಿ ಅಡಿಕೆಯ ದರ ಯಾರಿಗಾದರೂ ಗೊತ್ತೇ?

ಕೊನೆಕೊಯ್ಲು, ಹೊಸನಗರ

ಗೊತ್ತಿದ್ದರೆ ನಾನು ಇಲ್ಲಿ ವ್ಯಾಕರಣ ಕಲಿಯುತ್ತಾ ಕೂರುತ್ತಿದ್ದೆನೇ?

ದಾಖಲೆ ಅನುವಾದಕ, ಶಿವಮೊಗ್ಗ

ನಾಲ್ಕನೇ ವಾಕ್ಯವನ್ನು ಯಾರೂ ಮುಟ್ಟಲಿಲ್ಲ. ನನ್ನ ಹೊಟ್ಟೆಪಾಡಿಗೆ ಹೆಚ್ಚು ಕಾಟ ಕೊಡುವುದು ಅದೇ, ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ.

ಎರಡು ವಾಕ್ಯ ನೋಡಿ. ‘ಐ ಆಸ್ಕ್ಡ್ ವಾಟ್ ಹಿ ಬ್ರಾಟ್.’ ‘ಐ ಏಟ್ ವಾಟ್ ಹಿ ಬ್ರಾಟ್.’ ಇಂಗ್ಲಿಷಿನಲ್ಲಿ ಒಂದೇ ಪದ ಬದಲಾಗಿದೆ. ಕನ್ನಡಕ್ಕೆ ತಂದರೆ ಮೊದಲನೆಯದು ‘ಅವನು ಏನು ತಂದನೆಂದು ಕೇಳಿದೆ’. ಎರಡನೆಯದು ‘ಅವನು ತಂದದ್ದನ್ನು ತಿಂದೆ’. ಎರಡನೆಯದರಲ್ಲಿ ‘ಏನು’ ಮಾಯ! ಮೊದಲನೆಯದರ ‘ವಾಟ್’ ಪ್ರಶ್ನೆಯದು. ಎರಡನೆಯದರದ್ದು ‘ಯಾವುದೋ ಅದು’ ಎಂಬ ಜೋಡಿಯನ್ನು ಒಂದೇ ಪದದಲ್ಲಿ ಹೊತ್ತ ಸಂಬಂಧಾರ್ಥಕ ಸರ್ವನಾಮ. ತನ್ನ ಯಜಮಾನ ಪದವನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿದೆ. ಹುಡುಗನ ನಾಲ್ಕನೇ ವಾಕ್ಯ ಈ ಎರಡನೆಯ ಬಗೆ: ಅವನು ಹೇಳುವುದನ್ನು ನಂಬುವುದಿಲ್ಲ.

ಪರೀಕ್ಷೆ ಮಾಡಲು ‘ಎಲ್ಸ್’ ಸೇರಿಸಿ. ‘ಐ ಆಸ್ಕ್ಡ್ ವಾಟ್ ಎಲ್ಸ್ ಹಿ ಬ್ರಾಟ್’ ಎನ್ನಬಹುದು. ‘ಐ ಏಟ್ ವಾಟ್ ಎಲ್ಸ್ ಹಿ ಬ್ರಾಟ್’ ಎಂದರೆ ಇಂಗ್ಲಿಷಿನವರು ಮುಖ ಸಿಂಡರಿಸುತ್ತಾರೆ. ಪ್ರಶ್ನೆಯ ‘ವಾಟ್’ ಮಾತ್ರ ‘ಎಲ್ಸ್’ ಅನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತದೆ.

ಈಗ ಕಾಟದ ಮಾತು. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದ ಒಂದು ಪತ್ರದಲ್ಲಿ ‘ಐ ನೋ ವಾಟ್ ಮೈ ಬ್ರದರ್ ನೋಸ್’ ಎಂದಿತ್ತು. ‘ನನ್ನ ತಮ್ಮನಿಗೆ ಗೊತ್ತಿರುವುದು ನನಗೂ ಗೊತ್ತು’ ಎಂದೇ, ಅಥವಾ ‘ನನ್ನ ತಮ್ಮನಿಗೆ ಏನು ಗೊತ್ತಿದೆ ಎಂಬುದು ನನಗೆ ಗೊತ್ತು’ ಎಂದೇ? ಮೊದಲನೆಯದಾದರೆ ಇಬ್ಬರಿಗೂ ಸಮಾನ ತಿಳಿವಳಿಕೆ. ಎರಡನೆಯದಾದರೆ ಬೆದರಿಕೆಯ ವಾಸನೆ. ಇಂಗ್ಲಿಷು ಎರಡನ್ನೂ ಒಂದೇ ಕಂಬಳಿಯಲ್ಲಿ ಮುಚ್ಚಿಡುತ್ತದೆ, ಕನ್ನಡ ಬಿಡಿಸಿ ತೋರಿಸು ಎನ್ನುತ್ತದೆ. ಒಂದು ದಿನ ಪೂರ್ತಿ ಆ ಸಾಲಿನ ಮುಂದೆ ಕುಳಿತಿದ್ದೆ. ಕೊನೆಗೆ ಪತ್ರ ಬರೆದವರನ್ನೇ ಕೇಳಿಸಿದೆವು.

ಘಟ್ಟದ ಕೆಳಗಿನವನು

ಅನುವಾದಕರೇ, ಎರಡನೆಯದರಲ್ಲಿ ‘ಏನು’ ಮಾಯ ಎಂದಿರಿ. ‘ಅವನು ಏನು ತಂದನೋ ಅದನ್ನೇ ತಿಂದೆ’ ಎನ್ನುವುದಿಲ್ಲವೇ? ಅಲ್ಲಿ ‘ಏನು’ ಗಟ್ಟಿಯಾಗಿ ಕೂತಿದೆಯಲ್ಲ.

ದಾಖಲೆ ಅನುವಾದಕ, ಶಿವಮೊಗ್ಗ

ಒಪ್ಪಿದೆ, ಅವಸರದಲ್ಲಿ ಬರೆದೆ. ಆದರೆ ಆ ವಾಕ್ಯದಲ್ಲಿ ‘ಏನು’ ಒಂಟಿಯಾಗಿ ಬಂದಿಲ್ಲ ನೋಡಿ. ಹಿಂದೆಯೇ ‘ಓ’, ಅದರ ಹಿಂದೆ ‘ಅದು’. ಮೂವರು ಸೇರಿ ಹೊರುವ ಹೊರೆಯನ್ನು ‘ವಾಟ್’ ಒಬ್ಬನೇ ಹೊರುತ್ತದೆ.

ಶಂಕರಘಟ್ಟ ಹಾಸ್ಟೆಲ್

ಐದನೆಯದು ಉಳಿಯಿತು. ‘ವಾಟ್! ಯು ಸೋಲ್ಡ್ ದ ಕೌ?’ ವಾಕ್ಯದ ಉಳಿದ ಭಾಗಕ್ಕೂ ಅದಕ್ಕೂ ವ್ಯಾಕರಣದ ನಂಟಿಲ್ಲ, ಆದ್ದರಿಂದ ಭಾವಸೂಚಕ ಅವ್ಯಯ, ಇಂಗ್ಲಿಷಿನಲ್ಲಿ ಇಂಟರ್ಜೆಕ್ಷನ್. ಶಾಲೆಗೆ ಇಷ್ಟು ಸಾಕು.

ಆದರೆ ಪಂಡಿತರೂ ಇಲ್ಲಿ ಜಗಳವಾಡಿದ್ದಾರೆ ಎಂದು ಹುಡುಗನಿಗೆ ಹೇಳಿ, ಅಂಕ ಹೋದ ಬೇಸರ ಕಡಿಮೆಯಾದೀತು. ಹಳೆಯ ಇಂಗ್ಲಿಷಿನ ದೊಡ್ಡ ಕಾವ್ಯ ‘ಬೇವುಲ್ಫ್’. ಮೂರು ಸಾವಿರಕ್ಕೂ ಹೆಚ್ಚು ಸಾಲು. ಅದರ ಮೊಟ್ಟಮೊದಲ ಪದವೇ ಈ ‘ವಾಟ್’ನ ಅಜ್ಜ, ‘ಹ್ವ್ಯಾಟ್’. ಆಗ ಬರವಣಿಗೆಯಲ್ಲಿ ‘ಹ’ಕಾರ ಮೊದಲು, ‘ವ’ಕಾರ ಆಮೇಲೆ. ನಾರ್ಮನ್ನರು ಬಂದ ಮೇಲಿನ ಲಿಪಿಕಾರರು ಅಕ್ಷರಗಳನ್ನು ಅದಲುಬದಲು ಮಾಡಿದರು. ‘ಕೇಳಿರಿ!’ ಎಂದು ಸಭೆಯನ್ನು ಸುಮ್ಮನಿರಿಸುವ ಉದ್ಗಾರ ಅದು ಎಂದು ಬಹುಕಾಲ ಎಲ್ಲರೂ ಅರ್ಥ ಹೇಳುತ್ತಿದ್ದರು. 2013ರಲ್ಲಿ ಜಾರ್ಜ್ ವಾಕ್ಡನ್ ಎಂಬ ಭಾಷಾವಿಜ್ಞಾನಿ ಅದು ಬಿಡಿ ಉದ್ಗಾರವಲ್ಲ, ಇಡೀ ವಾಕ್ಯವನ್ನೇ ಉದ್ಗಾರವಾಗಿಸುವ ಪದ, ಅಂದರೆ ‘ಎಷ್ಟೊಂದು ಕೇಳಿದ್ದೇವೆ!’ ಎಂಬ ಬಗೆಯದು ಎಂದು ವಾದಿಸಿದರು. ಎಂದರೆ ಐದನೇ ವಾಕ್ಯದ ‘ವಾಟ್’ ಎಂದುಕೊಂಡಿದ್ದು ಮೂರನೆಯದರ ಬಳಗಕ್ಕೆ ಸೇರಿದ್ದೋ ಎಂಬುದೇ ಪ್ರಶ್ನೆ. ಆ ಪದವನ್ನು ಬರೆದಿಟ್ಟ ಹಸ್ತಪ್ರತಿಗೆ ಸುಮಾರು ಸಾವಿರ ವರ್ಷ. ನಿಮ್ಮ ಮಗನ ಹಾಳೆಗೆ ಎರಡು ದಿನ.

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಇಷ್ಟೂ ಮಾತನ್ನು ನಿನ್ನೆ ಸಂಜೆ ಮಗನಿಗೆ ಓದಿ ಹೇಳಿದೆ. ಕಂಬಳಿಯ ಮಾತಿಗೆ ಸೋತೆ ಎಂದು ಒಪ್ಪಿದ. ಡಿಟರ್ಮಿನರ್ ವಿಷಯವನ್ನು ಟೀಚರ್ ಬಳಿ ಕೇಳಿದನಂತೆ, ಎರಡೂ ಸರಿ, ಪರೀಕ್ಷೆಯಲ್ಲಿ ಒಂದನ್ನು ಬರೆ ಎಂದರಂತೆ. ಅಂಕ ಮಾತ್ರ ಬದಲಾಗಲಿಲ್ಲ.

ತಿದ್ದುಪಡಿಯನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಬರಲು ಹೇಳಿದ್ದರು. ರಾತ್ರಿ ಊಟದ ಮೇಲೆ ಬರೆದು ಮುಗಿಸಿ ಅಪ್ಪನ ಮುಂದೆ ಹಿಡಿದ. ಮೊದಲ ಸಾಲು ‘ವಾಟ್ ಈಸ್ ಎ ಪ್ರೊನೌನ್’. ಉದ್ಧರಣ ಚಿಹ್ನೆ ಹಾಕುವುದನ್ನು ಮರೆತಿದ್ದಾನೆ. ನಮ್ಮ ಯಜಮಾನರು ಕನ್ನಡಕ ಏರಿಸಿ ಒಂದು ಗಳಿಗೆ ಯೋಚಿಸಿ, ‘ನಾಮಪದದ ಬದಲಿಗೆ ಬರುವುದು’ ಎಂದು ಗಂಭೀರವಾಗಿ ಉತ್ತರ ಕೊಟ್ಟರು.